ಬೆಂದ ಅನ್ನಕ್ಕೆ ಸಂತೆಯಲ್ಲಿ ಬೆಲೆಯಿಲ್ಲ

ಒಂದು ಕಡೆ ಒಂದು ಮೂಟೆ ಅಕ್ಕಿ, ಇನ್ನೊಂದು ಕಡೆ ಒಂದು ಕೊಪ್ಪರಿಗೆ ಅನ್ನ. ದರೋಡೆಕೋರ ಯಾವುದನ್ನು ಹೊತ್ತೊಯ್ಯುತ್ತಾನೆ? ಮೂಟೆಯನ್ನೇ ಎಂದು ಯಾವ ಹುಡುಗನಾದರೂ ಥಟ್ಟನೆ ಹೇಳಿಯಾನು. ಮೂಟೆಯನ್ನು ಅಡಗಿಸಿಡಬಹುದು, ಲಾರಿಗೆ ಹೇರಿ ಪಕ್ಕದೂರಿಗೆ ಸಾಗಿಸಬಹುದು, ಮಾರಿ ಬಂದ ಹಣದಲ್ಲಿ ಬಂದೂಕಿಗೆ ಗುಂಡು ಕೊಳ್ಳಬಹುದು. ಅನ್ನ ಹಾಗಲ್ಲ. ಇವತ್ತು ಉಂಡು ಮುಗಿಸದಿದ್ದರೆ ನಾಳೆ ಹಳಸುತ್ತದೆ. ಹಳಸಿದ ಅನ್ನವನ್ನು ಕೊಳ್ಳುವವರು ಯಾವ ಸಂತೆಯಲ್ಲೂ ಇಲ್ಲ.

ಅಡುಗೆಮನೆಯ ಈ ಸಣ್ಣ ವಿಷಯ ಒಮ್ಮೆ ಲಕ್ಷಾಂತರ ಜನರ ಪ್ರಾಣದ ಪ್ರಶ್ನೆಯಾಗಿತ್ತು. ಅದು 1992ನೆಯ ಇಸವಿ. ಸ್ಥಳ, ಆಫ್ರಿಕಾದ ಪೂರ್ವ ತುದಿಯಲ್ಲಿ ಕೊಂಬಿನಂತೆ ಹಿಂದೂ ಮಹಾಸಾಗರಕ್ಕೆ ಚಾಚಿಕೊಂಡಿರುವ ಸೊಮಾಲಿಯಾ. ಅಲ್ಲಿ ಹಸಿದವರಿಗೆ ಕೊಡಲು ಜಗತ್ತಿನ ಬಳಿ ಧಾನ್ಯವಿತ್ತು, ಅದನ್ನು ತರಲು ಹಡಗುಗಳೂ ಇದ್ದವು. ಬಂದರಿನಿಂದ ಹಸಿದವನ ಬಾಯಿಯವರೆಗಿನ ದಾರಿ ಮಾತ್ರ ಇರಲಿಲ್ಲ. ಆ ದಾರಿಯನ್ನು ಹುಡುಕಿದ ಕಥೆ ಇಂದಿನ ವಿದ್ಯಾರ್ಥಿಗಳೂ ಅವರ ತಂದೆತಾಯಿಯರೂ ತಿಳಿದುಕೊಳ್ಳಬೇಕಾದದ್ದು. 'ಸೇವೆ' ಎಂಬ ಮಾತು ಕಿವಿಗೆ ಇಂಪಾಗಿ ಕೇಳಿಸಿದರೂ ಆ ಕೆಲಸದೊಳಗೆ ಎಂತೆಂತಹ ತೊಡಕುಗಳಿರುತ್ತವೆ ಎಂಬುದನ್ನು ಇದರಷ್ಟು ಚೆನ್ನಾಗಿ ಕಲಿಸುವ ಪಾಠಗಳು ಕಡಿಮೆ.

ಹಗೇವು ಬರಿದಾದಾಗ

ಸೊಮಾಲಿಯಾದ ವಿಸ್ತೀರ್ಣ ಕರ್ನಾಟಕದ ಮೂರು ಪಟ್ಟಿಗೂ ಹೆಚ್ಚು. ಬಹುಭಾಗ ಒಣಭೂಮಿ, ಒಂಟೆ, ಕುರಿ, ಮೇಕೆಗಳನ್ನು ಮೇಯಿಸಿಕೊಂಡು ಮಳೆಯ ಜಾಡು ಹಿಡಿದು ಅಲೆಯುವ ಜನ. ದಕ್ಷಿಣದಲ್ಲಿ ಜುಬ್ಬಾ ಮತ್ತು ಶಬೆಲ್ಲೆ ಎಂಬ ಎರಡು ನದಿಗಳಿವೆ. ಅವುಗಳ ನಡುವಿನ ಸೀಮೆಯೇ ದೇಶದ ಕಣಜ. ಅಲ್ಲಿಯ ಮುಖ್ಯ ಬೆಳೆ ಜೋಳ. ಬೈದೋವಾ ಎಂಬುದು ಆ ಸೀಮೆಯ ದೊಡ್ಡ ಪಟ್ಟಣ.

ವಿಜಯಪುರ, ಧಾರವಾಡ, ಕಲಬುರಗಿ ಕಡೆಯ ಹಿರಿಯರಿಗೆ ಹಗೇವು ಎಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ನೆಲದಲ್ಲಿ ಆಳವಾದ ಗುಂಡಿ ತೋಡಿ, ಹುಲ್ಲು ಹಾಸಿ, ಜೋಳ ತುಂಬಿ, ಮೇಲೆ ಮಣ್ಣು ಮುಚ್ಚಿಬಿಟ್ಟರೆ ಕಾಳು ಕೆಡದೆ ವರ್ಷಗಟ್ಟಲೆ ಉಳಿಯುತ್ತದೆ. ಬೈದೋವಾ ಸೀಮೆಯ ರೈತರೂ ಇಂತಹದೇ ನೆಲದ ಗುಂಡಿಗಳಲ್ಲಿ ಜೋಳ ಕೂಡಿಡುತ್ತಿದ್ದರು. ಒಂದು ವರ್ಷ ಮಳೆ ಕೈಕೊಟ್ಟರೆ ಆ ಗುಂಡಿ ಅವರನ್ನು ಕಾಪಾಡುತ್ತಿತ್ತು. ಆದ್ದರಿಂದ ಬರ ಅವರಿಗೆ ಹೊಸದೇನಲ್ಲ. ಬರ ಬಂದಾಗಲೆಲ್ಲ ಜನ ಸಾಯುತ್ತಿರಲೂ ಇಲ್ಲ.

ಈ ಸಲ ಬಂದದ್ದು ಬರವೊಂದೇ ಆಗಿರಲಿಲ್ಲ. 1969ರಲ್ಲಿ ಸೈನಿಕ ಕ್ರಾಂತಿ ನಡೆಸಿ ಅಧಿಕಾರ ಹಿಡಿದ ಸಿಯಾದ್ ಬರ್ರೆ ಇಪ್ಪತ್ತೊಂದು ವರ್ಷ ಆಳಿದ. ಮೊದಲು ಸೋವಿಯತ್ ಒಕ್ಕೂಟ, ಆಮೇಲೆ ಅಮೆರಿಕ ಅವನಿಗೆ ನೆರವಾದವು. ಶೀತಲ ಸಮರದ ಆ ಕಾಲದಲ್ಲಿ ದೇಶದೊಳಗೆ ಆಯುಧಗಳು ರಾಶಿರಾಶಿಯಾಗಿ ಬಂದು ಬಿದ್ದವು. ಸೊಮಾಲಿಗಳಲ್ಲಿ ಬಹುಪಾಲು ಜನರಿಗೆ ಒಂದೇ ಭಾಷೆ, ಒಂದೇ ಧರ್ಮ. ಆದರೆ ಕುಲಗಳು ಹಲವು. ಬರ್ರೆ ಒಂದು ಕುಲವನ್ನು ಇನ್ನೊಂದರ ಮೇಲೆ ಎತ್ತಿಕಟ್ಟಿಯೇ ಗದ್ದುಗೆ ಉಳಿಸಿಕೊಂಡಿದ್ದ. 1991ರ ಜನವರಿಯಲ್ಲಿ ಬಂಡಾಯಗಾರರು ರಾಜಧಾನಿ ಮೊಗಾದಿಶುವಿಗೆ ನುಗ್ಗಿದಾಗ ಅವನು ಓಡಿಹೋದ. ಓಡಿಸಿದವರು ಒಟ್ಟಾಗಿ ಆಳಲಿಲ್ಲ. ಆಲಿ ಮಹ್ದಿ ಮೊಹಮದ್ ಮತ್ತು ಸೇನಾನಿ ಮೊಹಮದ್ ಫರ್ರಾ ಐದಿದ್ ಎಂಬ ಇಬ್ಬರು ನಾಯಕರ ಪಡೆಗಳು ಅದೇ ವರ್ಷದ ನವೆಂಬರ್‌ನಿಂದ ರಾಜಧಾನಿಯ ಬೀದಿಗಳಲ್ಲೇ ಫಿರಂಗಿ ಹಾರಿಸಿಕೊಂಡವು. ನಗರ ಎರಡು ಹೋಳಾಯಿತು. ಪೊಲೀಸ್, ನ್ಯಾಯಾಲಯ, ಬ್ಯಾಂಕು, ಶಾಲೆ, ವಿದ್ಯುತ್ತು ಎಲ್ಲವೂ ನಿಂತವು.

ಇತ್ತ ನದಿಗಳ ನಡುವಿನ ಸೀಮೆ ಓಡುವವರಿಗೂ ಅಟ್ಟುವವರಿಗೂ ಹಾದಿಯಾಯಿತು. ಬರ್ರೆಯ ಪಡೆಗಳು ಮತ್ತೆ ರಾಜಧಾನಿ ಹಿಡಿಯುವ ಆಸೆಯಿಂದ ಆ ಸೀಮೆಯಲ್ಲಿ ಬೀಡುಬಿಟ್ಟವು. 1992ರ ಏಪ್ರಿಲ್‌ನಲ್ಲಿ ಸೋತು ಗಡಿ ದಾಟುವ ಹೊತ್ತಿಗೆ ಅವು ರೈತರ ಜೋಳದ ಗುಂಡಿಗಳನ್ನು ಬಗೆದು ಬರಿದು ಮಾಡಿದ್ದವು. ದನಕರುಗಳು ಹೋದವು, ನೀರೆತ್ತುವ ಪಂಪುಗಳು ಹೋದವು, ಬಿತ್ತನೆಯ ಬೀಜವೂ ಹೋಯಿತು. ಆ ರೈತರ ಬಳಿ ಬಂದೂಕುಗಳು ಹೆಚ್ಚಿರಲಿಲ್ಲ. ದನ ಮೇಯಿಸುವ ಬಲಿಷ್ಠ ಕುಲಗಳ ಹಾಗೆ ಅವರು ತಮ್ಮದನ್ನು ಕಾಯ್ದುಕೊಳ್ಳಲಾರದೆ ಹೋದರು. ಅದೇ ವೇಳೆಗೆ ಮಳೆಯೂ ಕೈಕೊಟ್ಟಿತು. ಹಳ್ಳಿಗರು ನಡೆದು ನಡೆದು ಬೈದೋವಾ ಸೇರಿದರು. ಅಲ್ಲಿ ಅವರಿಗೆ ಏನೂ ಇರಲಿಲ್ಲ. ವರದಿಗಾರರು ಆ ಊರನ್ನು 'ಸಾವಿನ ಪಟ್ಟಣ' ಎಂದು ಕರೆದರು. ದಿನಾ ಬೆಳಿಗ್ಗೆ ಲಾರಿಯೊಂದು ಬೀದಿಗಳಲ್ಲಿ ಸುತ್ತಿ ರಾತ್ರಿ ಸತ್ತವರ ಹೆಣಗಳನ್ನು ಎತ್ತಿಕೊಂಡು ಹೋಗುತ್ತಿತ್ತು.

ಕಾವಲಿಗೂ ಬಂದೂಕು

1991ರ ಆರಂಭದಲ್ಲಿ ವಿಶ್ವಸಂಸ್ಥೆ ತನ್ನ ಸಿಬ್ಬಂದಿಯನ್ನು ಸೊಮಾಲಿಯಾದಿಂದ ಹೊರಕ್ಕೆ ಕರೆಸಿಕೊಂಡಿತು. ಅಂತರರಾಷ್ಟ್ರೀಯ ರೆಡ್‌ಕ್ರಾಸ್ ಸಮಿತಿ ಮತ್ತು ಬೆರಳೆಣಿಕೆಯ ಸ್ವಯಂಸೇವಾ ಸಂಸ್ಥೆಗಳು ಉಳಿದುಕೊಂಡವು. ರೆಡ್‌ಕ್ರಾಸ್ ಹುಟ್ಟಿದ್ದು 1863ರಲ್ಲಿ. ಅದಕ್ಕೆ ನಾಲ್ಕು ವರ್ಷ ಮೊದಲು ಇಟಲಿಯ ಸಾಲ್ಫೆರಿನೊ ರಣರಂಗದಲ್ಲಿ ಗಾಯಾಳುಗಳು ದಿಕ್ಕಿಲ್ಲದೆ ನರಳುತ್ತಿದ್ದುದನ್ನು ಕಂಡ ಆನ್ರಿ ಡ್ಯುನಾಂಟ್ ಎಂಬ ಸ್ವಿಸ್ ವರ್ತಕನ ಸಂಕಟದಿಂದ ಮೂಡಿದ ಸಂಸ್ಥೆ ಅದು. ಯಾರ ಪಕ್ಷವನ್ನೂ ವಹಿಸದಿರುವುದು, ಆಯುಧದ ನೆರಳಿನಲ್ಲಿ ಓಡಾಡದಿರುವುದು ಅದರ ವ್ರತ. ಕೆಂಪು ಶಿಲುಬೆಯ ಅಥವಾ ಕೆಂಪು ಅರ್ಧಚಂದ್ರದ ಗುರುತೇ ಅದಕ್ಕೆ ಕವಚ.

ಸೊಮಾಲಿಯಾದಲ್ಲಿ ಆ ಕವಚಕ್ಕೆ ಬೆಲೆ ಕೊಡುವವರಿರಲಿಲ್ಲ. ಹದಿಹರೆಯದ ಹುಡುಗರು ತೆರೆದ ಜೀಪುಗಳ ಮೇಲೆ ಭಾರಿ ಬಂದೂಕು ಕೂರಿಸಿಕೊಂಡು, ಖಾತ್ ಎಂಬ ಮತ್ತೇರಿಸುವ ಎಲೆ ಜಗಿಯುತ್ತ ಬೀದಿ ಬೀದಿ ತಿರುಗುತ್ತಿದ್ದರು. ಔಷಧದ ವಿಮಾನ ಇಳಿಯುವುದು ಕಷ್ಟವಾಗಿದ್ದ ದಿನಗಳಲ್ಲೂ ಕೀನ್ಯಾದಿಂದ ಖಾತ್ ಹೊತ್ತ ಸಣ್ಣ ವಿಮಾನಗಳು ಬರುತ್ತಿದ್ದವು. ಆಹಾರದ ಲಾರಿ ಬಂದರಿನಿಂದ ಹೊರಬಿದ್ದರೆ ಮೊದಲ ತಿರುವಿನಲ್ಲೇ ಒಂದು ತಂಡ ತಡೆದು 'ಸುಂಕ' ಕೇಳುತ್ತಿತ್ತು. ಮುಂದಿನ ತಿರುವಿನಲ್ಲಿ ಇನ್ನೊಂದು ತಂಡ. ಕೊನೆಗೆ ರೆಡ್‌ಕ್ರಾಸ್ ತನ್ನ ಇತಿಹಾಸದಲ್ಲಿ ಹಿಂದೆಂದೂ ಮಾಡದ ಕೆಲಸ ಮಾಡಬೇಕಾಯಿತು. ಲಾರಿಗಳಿಗೂ ಉಗ್ರಾಣಗಳಿಗೂ ಸಂಬಳ ಕೊಟ್ಟು ಬಂದೂಕುಧಾರಿಗಳನ್ನು ಕಾವಲಿಗೆ ಇಟ್ಟಿತು.

ಈ ಕೆಲಸದ ಅತಿ ಕಠಿಣ ಪ್ರಶ್ನೆ ಎದುರಾಗುವುದು ಇಲ್ಲಿಯೇ. ಕಾವಲುಗಾರನಿಗೆ ಕೊಟ್ಟ ಸಂಬಳ ಅವನ ಕುಲದ ನಾಯಕನ ಕೈ ಸೇರುತ್ತದೆ. ಅದರಿಂದ ಯುದ್ಧ ಇನ್ನಷ್ಟು ದಿನ ನಡೆಯುತ್ತದೆ. ಯುದ್ಧ ನಡೆದರೆ ಹಸಿವು ಬೆಳೆಯುತ್ತದೆ. ಹಾಗೆಂದು ಸಂಬಳ ಕೊಡದಿದ್ದರೆ ಲಾರಿ ಹೊರಡುವುದೇ ಇಲ್ಲ, ಬೈದೋವಾದ ಮಗು ನಾಳೆಯೇ ಸಾಯುತ್ತದೆ. ಎರಡೂ ತಪ್ಪು ಎನ್ನಿಸುವ ದಾರಿಗಳ ನಡುವೆ ಒಂದನ್ನು ಆರಿಸಿಕೊಳ್ಳಲೇಬೇಕು, ಅದೂ ಇವತ್ತೇ. ರೆಡ್‌ಕ್ರಾಸ್ ಲಾರಿ ಹೊರಡಿಸಿತು. ಜೊತೆಗೆ, ಲೂಟಿಯ ಲಾಭವನ್ನೇ ಕಡಿಮೆ ಮಾಡುವುದು ಹೇಗೆ ಎಂದು ಯೋಚಿಸತೊಡಗಿತು.

ಒಲೆ ಹೊತ್ತಿತು

ಯೋಚನೆಯಿಂದ ಮೂರು ಉಪಾಯಗಳು ಹೊರಟವು. ಮೊದಲನೆಯದು, ಎಲ್ಲ ಧಾನ್ಯವನ್ನೂ ಮೊಗಾದಿಶು ಬಂದರಿನಲ್ಲೇ ಇಳಿಸದೆ, ಉದ್ದನೆಯ ಕರಾವಳಿಯ ಸಣ್ಣಪುಟ್ಟ ರೇವುಗಳಲ್ಲಿ, ಮರಳ ತೀರಗಳಲ್ಲಿ ಸ್ವಲ್ಪಸ್ವಲ್ಪವಾಗಿ ಇಳಿಸುವುದು. ಒಂದೇ ಕಡೆ ರಾಶಿ ಬಿದ್ದರೆ ಅದಕ್ಕಾಗಿಯೇ ಕಾಳಗ ನಡೆಯುತ್ತದೆ. ಹತ್ತು ಕಡೆ ಹಂಚಿಹೋದರೆ ಯಾವ ಒಬ್ಬ ನಾಯಕನ ಕೈಗೂ ಪೂರ್ತಿ ಸಿಗುವುದಿಲ್ಲ.

ಎರಡನೆಯದು, ದೇಶದೊಳಕ್ಕೆ ಧಾನ್ಯವನ್ನು ಧಾರಾಳವಾಗಿ ಹರಿಸುವುದು. ನೆರವಿನ ಆಹಾರದಲ್ಲಿ ಒಂದಿಷ್ಟನ್ನು ವರ್ತಕರಿಗೇ ಮಾರುವ ಆಲೋಚನೆಯೂ ಆಗ ಬಂತು. ದಾನದ ಅಕ್ಕಿಯನ್ನು ಮಾರುವುದೇ ಎಂದು ಹುಬ್ಬೇರಿಸಿದವರಿದ್ದರು. ಆದರೆ ಇದರ ಹಿಂದೆ ಅರ್ಥಶಾಸ್ತ್ರದ ಮೊದಲ ಪಾಠವಿದೆ. ಕೊರತೆಯಿದ್ದಾಗ ಅಕ್ಕಿ ಚಿನ್ನದಂತೆ. ಅದಕ್ಕಾಗಿ ಕೊಲೆ ಮಾಡುವವರೂ ಇರುತ್ತಾರೆ. ಸಂತೆಯಲ್ಲಿ ಅಕ್ಕಿ ತುಂಬಿ ಬೆಲೆ ಇಳಿದರೆ, ಲೂಟಿ ಮಾಡಿದ ಮೂಟೆಯಿಂದ ಸಿಗುವ ಲಾಭವೂ ಇಳಿಯುತ್ತದೆ. ದುಡಿದು ತಿನ್ನುವ ಬಡವನೂ ಕೊಂಡು ತಿನ್ನಬಲ್ಲವನಾಗುತ್ತಾನೆ.

ಮೂರನೆಯದೇ ಅಡುಗೆಮನೆ. ನಮ್ಮಲ್ಲಿ ನೆರೆ ಬಂದಾಗ ತೆರೆಯುವ ಗಂಜಿ ಕೇಂದ್ರಗಳನ್ನು ನೆನಪು ಮಾಡಿಕೊಳ್ಳಬಹುದು. ರೆಡ್‌ಕ್ರಾಸ್, ಸೊಮಾಲಿಯಾದ ರೆಡ್ ಕ್ರೆಸೆಂಟ್ ಸಂಘದ ಜೊತೆಗೂಡಿ, ಪಟ್ಟಣಗಳ ಬಡಾವಣೆಗಳಲ್ಲಿ, ನಿರಾಶ್ರಿತರ ಗುಡಿಸಲುಗಳ ಬಳಿ ಅಡುಗೆಯ ಕೇಂದ್ರಗಳನ್ನು ತೆರೆಯಿತು. ದೊಡ್ಡ ದೊಡ್ಡ ಪಾತ್ರೆಗಳಲ್ಲಿ ಅಕ್ಕಿ, ಕಾಳು, ಎಣ್ಣೆ ಸೇರಿಸಿ ಬೇಯಿಸಿ ಬಡಿಸಿದರು. ನಡೆಸಿದವರು ಬಹುತೇಕ ಆಯಾ ಊರಿನ ಹೆಂಗಸರೇ. ಯಾವ ಮನೆಯಲ್ಲಿ ಗಂಡಸು ಸತ್ತಿದ್ದಾನೆ, ಯಾವ ಗುಡಿಸಲಿನಲ್ಲಿ ಎದ್ದು ಬರಲಾರದ ಮುದುಕಿ ಇದ್ದಾಳೆ ಎಂಬುದು ಅವರಿಗೆ ಗೊತ್ತಿತ್ತು. 1992ರ ಕೊನೆಯ ಹೊತ್ತಿಗೆ ಇಂತಹ ಕೇಂದ್ರಗಳು 900ಕ್ಕೂ ಮೀರಿದ್ದವು. ಅವುಗಳಲ್ಲಿ ಉಣ್ಣುತ್ತಿದ್ದವರು ಹತ್ತು ಲಕ್ಷಕ್ಕೂ ಹೆಚ್ಚು. ಆ ವರ್ಷ ರೆಡ್‌ಕ್ರಾಸ್ ಸಮಿತಿ ಇಡೀ ಜಗತ್ತಿಗಾಗಿ ಇಟ್ಟಿದ್ದ ಹಣದಲ್ಲಿ ಸುಮಾರು ಮೂರನೆಯ ಒಂದು ಪಾಲನ್ನು ಈ ಒಂದೇ ದೇಶಕ್ಕೆ ವೆಚ್ಚ ಮಾಡಿತು.

ಇದರ ಇನ್ನೊಂದು ಗುಣವೆಂದರೆ, ಉಳ್ಳವರು ತಾವಾಗಿಯೇ ದೂರ ಉಳಿದರು. ಮನೆಯಲ್ಲಿ ಅಕ್ಕಿಯಿರುವವನು ಬಿಸಿಲಿನಲ್ಲಿ ಗಂಟೆಗಟ್ಟಲೆ ನಿಂತು ಒಂದು ಬಟ್ಟಲು ಅನ್ನಕ್ಕಾಗಿ ಕಾಯುವುದಿಲ್ಲ. ಯಾರು ನಿಜವಾಗಿ ಹಸಿದಿದ್ದಾರೆ ಎಂದು ಪಟ್ಟಿ ಮಾಡುವ ಅಧಿಕಾರಿಯ ಅಗತ್ಯವೇ ಬರಲಿಲ್ಲ.

ಆದರೆ ದೋಷಗಳೂ ಇದ್ದವು. ಊಟವಿರುವಲ್ಲಿಗೆ ಜನ ಬರುತ್ತಾರೆ. ಬಂದವರು ಗುಂಪಾಗಿ ಅಲ್ಲೇ ನೆಲೆಸುತ್ತಾರೆ. ಕುಡಿಯುವ ನೀರು, ಕಕ್ಕಸು ಇಲ್ಲದ ಕಡೆ ಗುಂಪು ಸೇರಿದರೆ ದಡಾರ ಮತ್ತು ವಾಂತಿಭೇದಿ ಕಾಡುತ್ತವೆ. ಬೈದೋವಾದಲ್ಲಿ ಮಕ್ಕಳನ್ನು ಹೆಚ್ಚಾಗಿ ಬಲಿ ತೆಗೆದುಕೊಂಡದ್ದು ಇವೇ ಎರಡು ರೋಗಗಳು. ಹಸಿವು ಮೈಯ ಬಲವನ್ನು ಕಸಿದಿತ್ತು, ದಡಾರ ಜೀವವನ್ನು ಕಸಿಯಿತು. ಅಲ್ಲಿಯ ನಿರಾಶ್ರಿತರ ಶಿಬಿರಗಳಲ್ಲಿದ್ದ ಐದು ವರ್ಷದೊಳಗಿನ ಮಕ್ಕಳಲ್ಲಿ ನಾಲ್ವರಿಗೆ ಸುಮಾರು ಮೂವರು 1992ರ ಕೆಲವೇ ತಿಂಗಳುಗಳಲ್ಲಿ ತೀರಿಕೊಂಡರೆಂದು ವೈದ್ಯರ ಸಮೀಕ್ಷೆಯೊಂದು ಕಂಡುಕೊಂಡಿತು. ಅನ್ನದ ಜೊತೆಗೇ ದಡಾರದ ಲಸಿಕೆ, ಶುದ್ಧ ನೀರು ಮೊದಲ ದಿನದಿಂದಲೇ ಬೇಕು ಎಂಬ ಪಾಠವನ್ನು ಕಲಿಯಲು ಇಷ್ಟು ದೊಡ್ಡ ಬೆಲೆ ತೆರಬೇಕಾಯಿತು. ಇಂದು ಶಿಬಿರ ತೆರೆಯುವವರು ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು ಎಂಬಂತಹ ಲೆಕ್ಕವನ್ನು ಇಟ್ಟುಕೊಂಡೇ ಕೆಲಸಕ್ಕೆ ಇಳಿಯುತ್ತಾರೆ. ಆ ಕನಿಷ್ಠ ಮಾನದಂಡಗಳು ರೂಪುಗೊಂಡದ್ದು ಸೊಮಾಲಿಯಾ, ರುವಾಂಡಗಳ ಅನುಭವವಾದ ಮೇಲೆ, 1990ರ ದಶಕದ ಕೊನೆಯಲ್ಲಿ.

ಉಣಿಸುವುದೂ ಒಂದು ವಿದ್ಯೆ

ಹಸಿದು ಬಂದವನಿಗೆ ಹೊಟ್ಟೆ ತುಂಬ ಉಣಿಸಬೇಕು ಎನ್ನಿಸುವುದು ಸಹಜ. ಹಾಲು, ಬೇಳೆ, ಪುಷ್ಟಿಕರ ಆಹಾರ ಕೊಟ್ಟರೆ ಬೇಗ ಚೇತರಿಸಿಕೊಂಡಾನು ಎನ್ನುವುದು ಯಾವ ತಾಯಿಗೂ ಹೊಳೆಯುವ ಮಾತು. ಬಹಳ ದಿನ ಉಪವಾಸವಿದ್ದ ದೇಹದಲ್ಲಿ ಇದು ತಿರುಗುಬಾಣವಾಗುತ್ತದೆ. ಕರುಳು, ಪಿತ್ತಕೋಶ, ಮೂತ್ರಪಿಂಡ, ಹೃದಯ ಎಲ್ಲವೂ ಕಡಿಮೆ ಇಂಧನದಲ್ಲಿ ಹೇಗೋ ಉಸಿರು ಹಿಡಿದಿರುತ್ತವೆ. ಅಂತಹ ದೇಹಕ್ಕೆ ಏಕಾಏಕಿ ಭಾರ ಹೊರಿಸಿದರೆ ಊಟವೇ ಸಾವಿಗೆ ಕಾರಣವಾಗಬಹುದು.

ಬೈದೋವಾದಲ್ಲಿ 'ಕನ್ಸರ್ನ್' ಎಂಬ ಐರಿಷ್ ಸಂಸ್ಥೆ ದೊಡ್ಡವರಿಗಾಗಿ ನಡೆಸುತ್ತಿದ್ದ ಚಿಕಿತ್ಸಾ ಊಟದ ಕೇಂದ್ರದಲ್ಲಿ ಸ್ಟೀವ್ ಕಾಲಿನ್ಸ್ ಎಂಬ ಯುವ ವೈದ್ಯರಿದ್ದರು. ಎಲುಬಿನ ಗೂಡಾಗಿ ಬಂದವರ ತೂಕ, ಎತ್ತರ, ಊಟ, ಸಾವು ಎಲ್ಲವನ್ನೂ ಅವರು ಬರೆದಿಟ್ಟುಕೊಂಡರು. ವಿಜ್ಞಾನದ ಪುಸ್ತಕಗಳ ಪ್ರಕಾರ ಬದುಕಿರಲು ಸಾಧ್ಯವೇ ಇಲ್ಲ ಎನ್ನುವಷ್ಟು ಇಳಿದವರೂ ಸರಿಯಾದ ಆರೈಕೆ ಸಿಕ್ಕರೆ ಬದುಕುತ್ತಾರೆ ಎಂಬುದು ಆ ಲೆಕ್ಕದಿಂದ ಹೊರಬಿತ್ತು. ಮೈ ಊದಿಕೊಂಡ ರೋಗಿಗಳಿಗೆ ಆರಂಭದಲ್ಲಿ ಸಸಾರಜನಕ ಕಡಿಮೆಯಿರುವ ಊಟ ಕೊಟ್ಟಾಗ ಹೆಚ್ಚು ಜನ ಉಳಿದರು ಎಂಬುದೂ ತಿಳಿಯಿತು. 1995ರಲ್ಲಿ ಈ ಅನುಭವವನ್ನು ಅವರು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಸುತ್ತ ಗುಂಡಿನ ಸದ್ದು ಕೇಳುತ್ತಿರುವಾಗ, ಸಾಲು ಸಾಲಾಗಿ ಜನ ಸಾಯುತ್ತಿರುವಾಗ, ದಿನವೂ ಕೂತು ಅಂಕಿಗಳನ್ನು ಬರೆದಿಡುವುದು ಕಲ್ಲೆದೆಯವರ ಕೆಲಸವೆಂದು ಕಂಡೀತು. ಆ ಅಂಕಿಗಳೇ ಮುಂದೆ ಬೇರೆ ದೇಶಗಳಲ್ಲಿ ಎಷ್ಟೋ ಮಂದಿಯನ್ನು ಉಳಿಸಿದವು.

ಇದೇ ವೈದ್ಯರು ಮುಂದೆ ಇನ್ನೊಂದು ಹೆಜ್ಜೆ ಇಟ್ಟರು. ಸೊರಗಿದ ಮಕ್ಕಳನ್ನೆಲ್ಲ ದೊಡ್ಡ ಕೇಂದ್ರಗಳಿಗೆ ತರಿಸಿದರೆ ಸೋಂಕು ಹರಡುತ್ತದೆ; ಒಂದು ಮಗುವಿನ ಜೊತೆ ಕೂತ ತಾಯಿ ಮನೆಯಲ್ಲಿರುವ ಇನ್ನೆರಡು ಮಕ್ಕಳನ್ನು ಬಿಟ್ಟುಬಂದಿರುತ್ತಾಳೆ, ಹೊಲವನ್ನೂ ಬಿಟ್ಟಿರುತ್ತಾಳೆ. ಅದರ ಬದಲು ಬೇರೆ ಕಾಯಿಲೆಯ ತೊಡಕಿಲ್ಲದ ಮಕ್ಕಳಿಗೆ ಮನೆಯಲ್ಲೇ ಏಕೆ ಚಿಕಿತ್ಸೆ ಕೊಡಬಾರದು? 1996ರಲ್ಲಿ ಫ್ರಾನ್ಸಿನಲ್ಲಿ ಕಡಲೆಕಾಯಿ, ಹಾಲಿನ ಪುಡಿ, ಸಕ್ಕರೆ, ಎಣ್ಣೆ, ಜೀವಸತ್ವಗಳನ್ನು ಅರೆದು ಸಿದ್ಧಮಾಡಿದ 'ಪ್ಲಂಪಿ ನಟ್' ಎಂಬ ಪಾಕ ಬಂದಿತ್ತು. ಅದಕ್ಕೆ ನೀರು ಬೆರೆಸಬೇಕಾಗಿಲ್ಲ, ಬೇಯಿಸಬೇಕಾಗಿಲ್ಲ, ಬೇಗ ಕೆಡುವುದೂ ಇಲ್ಲ. ಅದನ್ನು ತಾಯಿಯ ಕೈಗೆ ಕೊಟ್ಟು ಮನೆಗೆ ಕಳುಹಿಸುವ ಪದ್ಧತಿ ಇಂದು ಅನೇಕ ದೇಶಗಳಲ್ಲಿ ರೂಢಿಯಾಗಿದೆ.

ಹಾವಾ ಅಬ್ದಿಯವರ ಅಂಗಳ

ನೆರವಿನ ಕೆಲಸ ಎಂದೊಡನೆ ದೂರದ ದೇಶದಿಂದ ವಿಮಾನದಲ್ಲಿ ಬಂದಿಳಿಯುವ ಬಿಳಿಯರ ಚಿತ್ರ ಕಣ್ಣಮುಂದೆ ಬರುತ್ತದೆ. ಅವರಲ್ಲಿ ಪ್ರಾಣ ಕೊಟ್ಟವರೂ ಇದ್ದಾರೆ. ಲೈಬೀರಿಯಾದಲ್ಲಿ ಮೇಷ್ಟರಾಗಿದ್ದು ಆಮೇಲೆ ಯುನಿಸೆಫ್ ಸೇರಿದ್ದ 28 ವರ್ಷದ ಬ್ರಿಟಿಷ್ ಯುವಕ ಶಾನ್ ಡೆವರೊ 1993ರ ಜನವರಿ 2ರಂದು ಕಿಸ್ಮಾಯೊ ಪಟ್ಟಣದಲ್ಲಿ ಗುಂಡಿಗೆ ಬಲಿಯಾದರು. ಮರುತಿಂಗಳು ಕನ್ಸರ್ನ್ ಸಂಸ್ಥೆಯ ದಾದಿ ವಾಲೆರಿ ಪ್ಲೇಸ್ ದಾರಿಯಲ್ಲಿ ಹೋಗುತ್ತಿದ್ದಾಗ ಹತರಾದರು. ಅವರಿಗೆ ಆಗ 23 ವರ್ಷ. ಆದರೆ ಸೊಮಾಲಿಯಾದಲ್ಲಿ ಕೆಲಸದ ಬಹುಪಾಲನ್ನು ಹೊತ್ತವರು ಸೊಮಾಲಿಗಳೇ. ಲಾರಿ ಓಡಿಸಿದವರು, ಅನ್ನ ಬೇಯಿಸಿದವರು, ಹೆಣ ಹೂಳಿದವರು, ಕುಲದ ಹಿರಿಯರ ಮುಂದೆ ಕೂತು ಲಾರಿಗೆ ದಾರಿ ಬಿಡಿಸಿದವರು ಅವರು. ಅವರ ಹೆಸರುಗಳು ಪತ್ರಿಕೆಗಳಲ್ಲಿ ಬರಲಿಲ್ಲ.

ಬಂದ ಒಂದು ಹೆಸರು ವೈದ್ಯೆ ಹಾವಾ ಅಬ್ದಿಯವರದು. ಹುಟ್ಟಿದ್ದು 1947ರಲ್ಲಿ. ಎಳೆಯ ವಯಸ್ಸಿನಲ್ಲೇ ತಾಯಿ ಬಸಿರಿನ ತೊಂದರೆಯಿಂದ ತೀರಿಕೊಂಡದ್ದನ್ನು ಕಂಡ ಹುಡುಗಿ ವೈದ್ಯೆಯಾಗಬೇಕೆಂದು ಪಣ ತೊಟ್ಟಳು. ಸೋವಿಯತ್ ಒಕ್ಕೂಟದ ವಿದ್ಯಾರ್ಥಿವೇತನ ಪಡೆದು ಕೀವ್ ನಗರದಲ್ಲಿ ಓದಿ, ಸೊಮಾಲಿಯಾದ ಮೊದಲ ಸ್ತ್ರೀರೋಗ ತಜ್ಞೆಯರಲ್ಲಿ ಒಬ್ಬರಾಗಿ ಊರಿಗೆ ಮರಳಿದರು. 1983ರಲ್ಲಿ ಮೊಗಾದಿಶುವಿನ ಹೊರವಲಯದಲ್ಲಿ, ಮನೆತನದ ಜಮೀನಿನಲ್ಲಿ, ಒಂದೇ ಕೋಣೆಯ ಹೆರಿಗೆ ಆಸ್ಪತ್ರೆ ತೆರೆದರು.

1991ರಲ್ಲಿ ರಾಜಧಾನಿ ಹೊತ್ತಿ ಉರಿದಾಗ ಜನ ಆ ಅಂಗಳಕ್ಕೆ ಓಡಿಬಂದರು. ಅವರು ಯಾರನ್ನೂ ಹೊರಗೆ ಹಾಕಲಿಲ್ಲ. ಮನೆಯ ಚಿನ್ನ ಮಾರಿ ಬಂದವರಿಗೆ ಊಟಕ್ಕೆ ಇಟ್ಟರು. ಮರಗಳ ಕೆಳಗೆ ಗುಡಿಸಲುಗಳು ಎದ್ದವು, ವರ್ಷಗಳು ಉರುಳಿದಂತೆ ಗುಡಿಸಲುಗಳು ಊರಾದವು. ಬಾವಿ ಬಂತು, ಶಾಲೆ ಬಂತು. 2011ರ ಹೊತ್ತಿಗೆ ಅಲ್ಲಿ ಆಶ್ರಯ ಪಡೆದವರ ಸಂಖ್ಯೆ 90,000ದ ಆಸುಪಾಸು ಮುಟ್ಟಿತ್ತು. ಆ ಅಂಗಳದ ನಿಯಮಗಳು ಎರಡು. ಯಾರೂ ತಮ್ಮ ಕುಲದ ಹೆಸರೆತ್ತಿ ಜಗಳ ಮಾಡಕೂಡದು. ಯಾವ ಗಂಡಸೂ ಹೆಂಡತಿಯ ಮೇಲೆ ಕೈ ಮಾಡಕೂಡದು. ಮಾಡಿದವನನ್ನು ಉಗ್ರಾಣದ ಕೋಣೆಯಲ್ಲಿ ಕೂಡಿಹಾಕುತ್ತಿದ್ದರು.

2010ರ ಮೇ ತಿಂಗಳಲ್ಲಿ ಉಗ್ರರ ಗುಂಪೊಂದು ಬಂದು, ಹೆಂಗಸು ಇಂತಹ ಜಾಗದ ಯಜಮಾನಿಕೆ ನಡೆಸಬಾರದು, ಆಸ್ಪತ್ರೆಯನ್ನು ತಮ್ಮ ಕೈಗೆ ಒಪ್ಪಿಸಬೇಕು ಎಂದಿತು. ಅವರು ಒಪ್ಪಲಿಲ್ಲ. ಗುಂಪು ಆಸ್ಪತ್ರೆಗೆ ನುಗ್ಗಿ ಉಪಕರಣಗಳನ್ನು ಒಡೆದುಹಾಕಿತು, ಅವರನ್ನು ಸೆರೆಯಲ್ಲಿಟ್ಟಿತು. ಶಿಬಿರದ ಹೆಂಗಸರು ಪ್ರತಿಭಟಿಸಿದರು. ಸುದ್ದಿ ಹೊರಗೆ ಹಬ್ಬಿತು. ಬಂದವರು ಹಿಂದೆ ಸರಿಯಬೇಕಾಯಿತು. ಹಾವಾ ಅಬ್ದಿ ಅಷ್ಟಕ್ಕೇ ಬಿಡಲಿಲ್ಲ. ತಪ್ಪಾಯಿತೆಂದು ಬರವಣಿಗೆಯಲ್ಲಿ ಕೊಡಬೇಕು ಎಂದು ಪಟ್ಟು ಹಿಡಿದರು, ಬರೆಸಿಕೊಂಡೂ ಬಿಟ್ಟರು. ಅವರ ಇಬ್ಬರು ಹೆಣ್ಣುಮಕ್ಕಳೂ ವೈದ್ಯೆಯರಾಗಿ ತಾಯಿಯ ಕೆಲಸಕ್ಕೆ ಹೆಗಲು ಕೊಟ್ಟರು. 2020ರ ಆಗಸ್ಟ್‌ನಲ್ಲಿ ಹಾವಾ ಅಬ್ದಿ ನಿಧನರಾದರು.

ಸೈನ್ಯ ಬಂತು, ಹೋಯಿತು

1992ರ ಡಿಸೆಂಬರ್ 9ರ ನಸುಕಿನಲ್ಲಿ ಅಮೆರಿಕದ ಸೈನಿಕರು ಮೊಗಾದಿಶು ತೀರಕ್ಕೆ ಇಳಿದರು. ಅವರನ್ನು ಎದುರುಗೊಂಡದ್ದು ಟೆಲಿವಿಷನ್ ಕ್ಯಾಮರಾಗಳ ಬೆಳಕು. ಹಲವು ದೇಶಗಳ ಸುಮಾರು 37,000 ಸೈನಿಕರ ಆ ಪಡೆ ರಸ್ತೆಗಳನ್ನು ತೆರವು ಮಾಡಿತು, ಲಾರಿಗಳು ಓಡಿದವು. ಅದು ಒಳ್ಳೆಯದೇ ಆಯಿತು. ಆದರೆ ಬೈದೋವಾದಲ್ಲಿ ಸಾವಿನ ಸಂಖ್ಯೆ ತುತ್ತತುದಿ ಮುಟ್ಟಿದ್ದು ಅದೇ ವರ್ಷದ ಆಗಸ್ಟ್, ಸೆಪ್ಟೆಂಬರ್‌ನಲ್ಲಿ. ಸೈನ್ಯ ಬರುವ ಹೊತ್ತಿಗೆ ತೀರ ದುರ್ಬಲರು ಆಗಲೇ ತೀರಿಹೋಗಿದ್ದರು. ಒಟ್ಟು ಸತ್ತವರು ಎರಡು ಲಕ್ಷಕ್ಕೂ ಹೆಚ್ಚು ಎಂದು ಅಂದಾಜು.

ವಿಶ್ವಸಂಸ್ಥೆಯ ಪ್ರತಿನಿಧಿಯಾಗಿ 1992ರ ಏಪ್ರಿಲ್‌ನಲ್ಲಿ ಬಂದಿದ್ದ ಅಲ್ಜೀರಿಯಾದ ರಾಜತಂತ್ರಜ್ಞ ಮೊಹಮದ್ ಸಹ್ನೂನ್ ಬಂದೂಕಿಗಿಂತ ಮಾತುಕತೆಯನ್ನು ನಂಬಿದವರು. ಊರೂರಿಗೆ ಹೋಗಿ ಕುಲದ ಹಿರಿಯರ ಜೊತೆ ಕೂತು ಸಮಾಲೋಚಿಸುತ್ತಿದ್ದರು. ವಿಶ್ವಸಂಸ್ಥೆಯ ಸ್ವಂತ ವಿಳಂಬವನ್ನೇ ಬಹಿರಂಗವಾಗಿ ಟೀಕಿಸಿದ ಅವರು ಅಕ್ಟೋಬರ್‌ನಲ್ಲಿ ರಾಜೀನಾಮೆ ಕೊಡಬೇಕಾಯಿತು. ಮುಂದೆ ನೆರವಿನ ಕಾವಲಿಗೆ ಬಂದ ಸೈನ್ಯವೇ ಜಗಳದ ಒಂದು ಪಕ್ಷವಾಯಿತು. 1993ರ ಜೂನ್ 5ರಂದು ಪಾಕಿಸ್ತಾನದ 24 ಶಾಂತಿಪಾಲಕರು ಹತರಾದರು. ಅಕ್ಟೋಬರ್ 3 ಮತ್ತು 4ರ ಕಾಳಗದಲ್ಲಿ 18 ಅಮೆರಿಕನ್ ಸೈನಿಕರೂ ನೂರಾರು ಸೊಮಾಲಿಗಳೂ ಸತ್ತರು.

ಈ ನಡುವೆ ಭಾರತದ ಸುಮಾರು 5,000 ಸೈನಿಕರ ಬ್ರಿಗೇಡ್ ವಿಶ್ವಸಂಸ್ಥೆಯ ಧ್ವಜದಡಿ ಅಲ್ಲಿಗೆ ಹೋಗಿ ಬೈದೋವಾ ಭಾಗದಲ್ಲಿ ನೆಲೆಸಿತ್ತು. ನಮ್ಮ ಸೈನಿಕರು ಬಾವಿ ತೋಡಿದರು, ಶಾಲೆ ಕಟ್ಟಿದರು, ಸಂಚಾರಿ ಆಸ್ಪತ್ರೆ ನಡೆಸಿದರು, ಜನರ ದನಕರುಗಳಿಗೂ ಔಷಧ ಕೊಟ್ಟರು. 1994ರ ಆಗಸ್ಟ್‌ನಲ್ಲಿ ಬೈದೋವಾದಲ್ಲೇ ನಡೆದ ದಾಳಿಯಲ್ಲಿ ಭಾರತೀಯ ಸೇನೆಯ ಮೂವರು ವೈದ್ಯರು ಪ್ರಾಣ ತೆತ್ತರು. 1995ರ ಮಾರ್ಚ್‌ನಲ್ಲಿ ವಿಶ್ವಸಂಸ್ಥೆಯ ಕೊನೆಯ ಸೈನಿಕರೂ ಸೊಮಾಲಿಯಾ ಬಿಟ್ಟರು. ಅಂತರ್ಯುದ್ಧ ಮುಂದುವರಿಯಿತು.

ಮತ್ತೆ ಬಂದ ಬರ

2011ರಲ್ಲಿ ಅದೇ ನದಿಗಳ ಸೀಮೆಯಲ್ಲಿ ಮತ್ತೆ ಕ್ಷಾಮ ಬಂತು. ಈಗ ಕ್ಷಾಮಕ್ಕೂ ಅಳತೆಗೋಲು ಇತ್ತು. ನೂರರಲ್ಲಿ ಇಪ್ಪತ್ತು ಮನೆಗಳಿಗೆ ಊಟದ ತೀವ್ರ ಕೊರತೆ, ನೂರರಲ್ಲಿ ಮೂವತ್ತು ಮಕ್ಕಳು ತೀರ ಸೊರಗಿರುವುದು, ಹಸಿವಿನಿಂದ 10,000 ಜನರಲ್ಲಿ ದಿನಕ್ಕೆ ಇಬ್ಬರು ಸಾಯುವುದು: ಈ ಮಟ್ಟ ದಾಟಿದರೆ ಕ್ಷಾಮ. ಮಳೆ ಬಾರದೆಂದೂ ಬೆಲೆ ಏರುತ್ತಿದೆಯೆಂದೂ ತಜ್ಞರು ತಿಂಗಳುಗಟ್ಟಲೆ ಮೊದಲೇ ಎಚ್ಚರಿಸಿದ್ದರು. ಹಣ ಬಂದದ್ದು ಜುಲೈ 20ರಂದು ಕ್ಷಾಮ ಎಂಬ ಘೋಷಣೆಯಾದ ಮೇಲೆ. ಆ ಸೀಮೆಯನ್ನು ಹಿಡಿತದಲ್ಲಿಟ್ಟುಕೊಂಡಿದ್ದ ಅಲ್ ಶಬಾಬ್ ಉಗ್ರರು ಅನೇಕ ಸಂಸ್ಥೆಗಳನ್ನು ಒಳಕ್ಕೆ ಬಿಡಲಿಲ್ಲ. ಸುಮಾರು 2,60,000 ಜನ ಸತ್ತರೆಂದು 2013ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಅವರಲ್ಲಿ ಅರ್ಧಕ್ಕೂ ಹೆಚ್ಚು ಐದು ವರ್ಷದೊಳಗಿನ ಮಕ್ಕಳು. ಬಹಳಷ್ಟು ಮಂದಿ ಘೋಷಣೆಗೆ ಮೊದಲೇ ತೀರಿಹೋಗಿದ್ದರು.

ಲಾರಿ ಹೋಗಲಾಗದ ಊರುಗಳಿಗೆ ಆಗ ಇನ್ನೊಂದು ದಾರಿ ಕಂಡಿತು. ವರ್ತಕರು ಹೇಗೋ ಧಾನ್ಯ ಸಾಗಿಸಿಯೇ ಸಾಗಿಸುತ್ತಾರೆ. ಕೊಳ್ಳಲು ಜನರ ಕೈಯಲ್ಲಿ ಹಣವಿಲ್ಲ, ಅಷ್ಟೇ. ಆದ್ದರಿಂದ ಸಂಸ್ಥೆಗಳು ಹಣವನ್ನೇ ಕಳುಹಿಸತೊಡಗಿದವು. ಮುಂದೆ ಮೊಬೈಲ್ ಫೋನಿನ ಮೂಲಕ ಹಣ ಕಳುಹಿಸುವುದು ರೂಢಿಯಾಯಿತು. ಹೊತ್ತೊಯ್ಯಲು ಮೂಟೆಯೂ ಇಲ್ಲ, ತಡೆಯಲು ಲಾರಿಯೂ ಇಲ್ಲ. ಆದರೂ ಪ್ರಭಾವಿಗಳು ಬಡವರ ಪಾಲಿನಲ್ಲಿ ಕಮಿಷನ್ ಕೀಳುವುದು ಪೂರ್ತಿ ನಿಲ್ಲಲಿಲ್ಲ. ಐದು ಮಳೆಗಾಲ ಸತತವಾಗಿ ಕೈಕೊಟ್ಟ 2022ರಲ್ಲಿ ನೆರವು ಮೊದಲಿಗಿಂತ ಬೇಗ ಬಂದದ್ದರಿಂದ ಪರಿಸ್ಥಿತಿ ಕ್ಷಾಮ ಘೋಷಣೆಯ ಮಟ್ಟ ಮುಟ್ಟಲಿಲ್ಲ. ಹಾಗಿದ್ದೂ ಆ ವರ್ಷ ಬರದಿಂದಾಗಿ ಸುಮಾರು 43,000 ಮಂದಿ ಸತ್ತರೆಂದು ಅಂದಾಜು.

ಸೇವೆಗೆ ಹೊರಡುವವರಿಗೆ

ಪಿ.ಯು.ಸಿ. ಮುಗಿಸಿದ ಮಗನೋ ಮಗಳೋ ಒಂದು ದಿನ ಟಿ.ವಿ.ಯಲ್ಲಿ ಯುದ್ಧದ ಊರಿನ ಮಕ್ಕಳನ್ನು ನೋಡಿ, "ನಾನೂ ಅಲ್ಲಿ ಹೋಗಿ ಏನಾದರೂ ಮಾಡಬೇಕು" ಎಂದರೆ ತಂದೆತಾಯಿಯರ ಎದೆ ಧಸಕ್ಕೆನ್ನುವುದು ಸಹಜವೇ. "ಮೊದಲು ನಿನ್ನ ಓದು ನೋಡಿಕೋ" ಎಂದು ಗದರುವುದೂ ಉಂಟು. ಆ ಮಾತಿನಲ್ಲಿ ಒಂದು ಸತ್ಯವಿದೆ. ಬೈದೋವಾದಲ್ಲಿ ಮರುಕಪಡುವವರಿಗೆ ಕೊರತೆಯಿರಲಿಲ್ಲ. ಬಾವಿ ತೋಡಿಸಬಲ್ಲ ಎಂಜಿನಿಯರ್, ಲಸಿಕೆಯನ್ನು ತಂಪಾಗಿ ಇಡಬಲ್ಲ ತಂತ್ರಜ್ಞ, ಲಾರಿಯ ಎಂಜಿನ್ ಬಿಚ್ಚಿ ಜೋಡಿಸಬಲ್ಲ ಮೆಕ್ಯಾನಿಕ್, ಮೂಟೆಗಳ ಲೆಕ್ಕ ತಪ್ಪದಂತೆ ಬರೆಯಬಲ್ಲ ಗುಮಾಸ್ತ, ಊರಿನ ಭಾಷೆ ಬಲ್ಲ ದುಭಾಷಿ, ತೂಕದ ಪಟ್ಟಿ ಇಡಬಲ್ಲ ದಾದಿ, ಸಾವಿರ ಜನಕ್ಕೆ ಹದವಾಗಿ ಅನ್ನ ಬೇಯಿಸಬಲ್ಲ ಹೆಂಗಸು, ಇಂಥವರು ಬೇಕಾಗಿದ್ದರು. ರಸಾಯನಶಾಸ್ತ್ರ, ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರಗಳ ಪಾಠ ಯಾವುದಕ್ಕೆ ಎಂದು ಕೇಳುವ ಹುಡುಗರಿಗೆ ಅಲ್ಲಿ ಉತ್ತರವಿತ್ತು.

ಹಾಗೆಂದು ಓದು ಮುಗಿಯುವವರೆಗೆ ಮನಸ್ಸನ್ನು ಮುಚ್ಚಿಡಬೇಕೆಂದೂ ಅಲ್ಲ. ಹಾವಾ ಅಬ್ದಿಯವರಿಗೆ ವೈದ್ಯೆಯಾಗುವ ಆಸೆ ಹುಟ್ಟಿದ್ದು ಎಳೆಯ ವಯಸ್ಸಿನಲ್ಲಿ, ತಾಯಿಯ ಹಾಸಿಗೆಯ ಬಳಿ. ಅದನ್ನು ಮರೆಯದೆ ಕೀವ್‌ಗೆ ಹೋಗಿ ವರ್ಷಗಟ್ಟಲೆ ಓದಿದ್ದರಿಂದಲೇ, ಮೊಗಾದಿಶುವಿನಿಂದ ಓಡಿಬಂದ ಜನ ಅವರ ಅಂಗಳ ತಲುಪಿದಾಗ ಅಲ್ಲಿ ಒಬ್ಬ ವೈದ್ಯೆಯಿದ್ದರು, ಒಂದು ಆಸ್ಪತ್ರೆಯಿತ್ತು, ಬಾಗಿಲು ತೆರೆದಿತ್ತು.